ಶಿಲೀಂಧ್ರದಿಂದ ಮುದ್ರಿಸಿದ ಗೋಡೆ ಕಾಂಕ್ರೀಟಿಗೆ ಬದಲಿಯಾದೀತೇ?

ಶಿಲೀಂಧ್ರ ಬೆರೆಸಿದ ಪೇಸ್ಟನ್ನು ತ್ರೀಡಿ ಪ್ರಿಂಟರಿಗೆ ಹಾಕಿ ಗೋಡೆ ಎಬ್ಬಿಸಿದರೆ ಕಾಂಕ್ರೀಟಿನ ಗೊಡವೆಯೇ ಬೇಡವಲ್ಲವೇ ಎಂದು ಕೇಳಿದ್ದೀರಿ. ಭಾರ ಹೊರುವ ಗೋಡೆಗೆ ಇದು ಆಗದು. ಕವಕಜಾಲದ, ಎಂದರೆ ಮರದ ಪುಡಿಯಂಥದನ್ನು ಹೆಣೆದು ಹಿಡಿಯುವ ಶಿಲೀಂಧ್ರದ ಎಳೆಗಳ ಬಲೆಯ, ಇಟ್ಟಿಗೆ ಸಾಮಾನ್ಯವಾಗಿ 1 ಮೆಗಾಪಾಸ್ಕಲ್ ಒತ್ತಡವನ್ನೂ ತಾಳುವುದಿಲ್ಲ; ಮಾಮೂಲಿ ಕಾಂಕ್ರೀಟ್ 20ಕ್ಕಿಂತ ಹೆಚ್ಚು ತಾಳುತ್ತದೆ. ಆದರೆ ಶಾಖ ತಡೆಯುವ, ಸದ್ದು ಹೀರುವ ಒಳಫಲಕಗಳಿಗೆ ಇದು ಬಹಳ ಒಳ್ಳೆಯ ವಸ್ತು. ಈ ಪೇಸ್ಟಿನೊಡನೆ ಕೆಲಸ ಮಾಡುವವಳಾಗಿ ಇದನ್ನು ಭರವಸೆಯಿಂದಲೇ ಹೇಳುತ್ತೇನೆ.

ಅಚ್ಚಿಗೆ ತುಂಬಿದರೆ ಸಾಲದೇ, ಮುದ್ರಣವೇಕೆ? ಶಿಲೀಂಧ್ರಕ್ಕೆ ಉಸಿರು ಬೇಕು. ದಪ್ಪ ಗಟ್ಟಿಯ ನಡುವಿಗೆ ಗಾಳಿ ಹೋಗದೆ ಅಲ್ಲಿ ಅದು ಸರಿಯಾಗಿ ಬೆಳೆಯುವುದಿಲ್ಲ. ಪ್ರಿಂಟರಿನಲ್ಲಾದರೆ ತೆಳು ಪದರ, ಟೊಳ್ಳು ಗೂಡುಗಳನ್ನು ಬೇಕಾದಂತೆ ಬಿಡಬಹುದು. ಮುದ್ರಿಸಿದ ಮೇಲೆ ತೇವದಲ್ಲಿಟ್ಟರೆ ಎಳೆಗಳು ಒಂದು ಪದರದಿಂದ ಇನ್ನೊಂದಕ್ಕೆ ದಾಟಿ ಎರಡನ್ನೂ ಹೊಲಿದುಬಿಡುತ್ತವೆ. ಕಾಂಕ್ರೀಟ್ ಮುದ್ರಣದಲ್ಲಿ ಈ ಪದರದ ಸಂದೇ ದುರ್ಬಲ ಜಾಗ. ನನಗೆ ಈ ವಿದ್ಯೆಯಲ್ಲಿ ಅತ್ಯಂತ ಇಷ್ಟವಾದದ್ದೂ ಇದೇ.

ಕಷ್ಟವಿರುವುದು ಪೇಸ್ಟಿನ ಹದದಲ್ಲಿ. ಮರದ ಪುಡಿಗೆ ನೀರು ಹೆಚ್ಚಾದರೆ ಪದರ ಕುಸಿಯುತ್ತದೆ, ಕಡಿಮೆಯಾದರೆ ನಳಿಕೆ ಕಟ್ಟುತ್ತದೆ. ಹಿಡಿತಕ್ಕೆ ಗ್ವಾರ್ ಅಥವಾ ಕ್ಸಾಂಥನ್ ಗೋಂದು ಸೇರಿಸುತ್ತೇವೆ. ಪುಡಿಯನ್ನು ಮೊದಲೇ ಸರಿಯಾಗಿ ಬೇಯಿಸದಿದ್ದರೆ ಟ್ರೈಕೋಡರ್ಮಾದಂಥ ಹಸಿರು ಬೂಷ್ಟು ನಮ್ಮ ಶಿಲೀಂಧ್ರಕ್ಕಿಂತ ಮುಂಚೆ ಹಬ್ಬುತ್ತದೆ. ಕೊನೆಗೆ ಬಿಸಿಯಲ್ಲಿ ಒಣಗಿಸಿ ಬೆಳವಣಿಗೆ ನಿಲ್ಲಿಸಬೇಕು. ಆಗ ಅದು ಕುಗ್ಗುತ್ತದೆ, ಆ ಅಳತೆಯನ್ನು ವಿನ್ಯಾಸದಲ್ಲೇ ಬಿಟ್ಟಿರಬೇಕು.

2014ರಲ್ಲಿ ನ್ಯೂಯಾರ್ಕಿನ ಮೋಮಾ ಪಿಎಸ್1 ಕಲಾಸಂಗ್ರಹಾಲಯದ ಅಂಗಳದಲ್ಲಿ ಸುಮಾರು 10,000 ಕವಕಜಾಲದ ಇಟ್ಟಿಗೆಗಳಿಂದ 'ಹೈ-ಫೈ' ಗೋಪುರ ನಿಂತಿತ್ತು, ಆಮೇಲೆ ಅದನ್ನು ಗೊಬ್ಬರವಾಗಿಸಿದರು. ಅವು ಅಚ್ಚಿನ ಇಟ್ಟಿಗೆಗಳು. 2017ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಕವಕಜಾಲದ ತುಂಡುಗಳಿಂದ ಮರದ ಕೊಂಬೆಗಳಂತೆ ಕಟ್ಟಿದ 'ಮೈಕೋಟ್ರೀ' ಇನ್ನೂ ಮುಖ್ಯ ಪಾಠ: ಭಾರ ಕೇವಲ ಅದುಮುವಂತೆ, ಎಲ್ಲೂ ಎಳೆಯದಂತೆ ಆಕಾರ ಕೊಟ್ಟರೆ ಮೆತ್ತಗಿನ ವಸ್ತುವೂ ನಿಲ್ಲುತ್ತದೆ. ಅಂಥ ಆಕಾರಗಳನ್ನು ಅಚ್ಚಿಲ್ಲದೆ ಮಾಡುವುದು ಮುದ್ರಣಕ್ಕೆ ಸಲೀಸು.

ಇದು ನೀರು ಹೀರುತ್ತದೆ, ಮಳೆ ತಾಗುವೆಡೆ ಬೇಡ. ಕೊಳ್ಳುವುದಾದರೆ ಮೇಲೆ ಬಳಿದ ಲೇಪ ಯಾವುದೆಂದು ಕೇಳಿ. ಪ್ಲಾಸ್ಟಿಕ್ ಲೇಪ ಹಾಕಿದ್ದರೆ ಆ ಫಲಕ ಮುಂದೆ ಗೊಬ್ಬರದ ಗುಂಡಿಗೆ ಹೋಗಲಾರದು.