ಕೆ1000 ಬಿಚ್ಚುವ ಮೊದಲು ಸ್ಕ್ರೂ ಡ್ರೈವರ್ ಬದಲಿಸಿ

ಮಂಜೇಶ್ವರದ ಅಣ್ಣ, ನಿಮ್ಮ ಪ್ರಶ್ನೆ ನೋಡಿದೆ. ಮಾವನ ಸ್ಟುಡಿಯೋದ ಹಳೆಯ ಫಿಲ್ಮ್ ಕ್ಯಾಮೆರಾ ಪೆಂಟಾಕ್ಸ್ ಕೆ1000 ಸಿಕ್ಕಿದೆ, ಅಗ್ಗದ ಬಿಟ್ ಸೆಟ್ ಹಿಡಿದು ತಳದ ಮುಚ್ಚಳ ಬಿಚ್ಚಲು ಹೋದಾಗ ಒಂದು ಸ್ಕ್ರೂವಿನ ತಲೆ ಸವೆಯಿತು, ಯಾವ ಟೂಲ್ಸ್ ಬೇಕು ಅಂತ ಕೇಳಿದ್ದೀರಿ. ಮೊದಲು ಆ ಸೆಟ್ ಬದಿಗಿಡಿ.

ಹಳೆಯ ಜಪಾನಿ ಕ್ಯಾಮೆರಾಗಳಲ್ಲಿ ಇರುವುದು ಜೆಐಎಸ್, ಅಂದರೆ ಜಪಾನಿನದೇ ಅಳತೆಯ ಸ್ಕ್ರೂ. ನೋಡಲು ಮಾಮೂಲಿ ಫಿಲಿಪ್ಸ್ ಸ್ಟಾರ್ ತರಹವೇ ಇರುತ್ತದೆ. ಆದರೆ ಫಿಲಿಪ್ಸ್ ಮೊನೆ ಅದರ ತಳದವರೆಗೆ ಕೂರುವುದಿಲ್ಲ. ತಿರುಗಿಸಿದರೆ ಮೇಲೆದ್ದು ಜಾರುತ್ತದೆ, ಅಂಚು ತಿಂದುಬಿಡುತ್ತದೆ. ಜೆಐಎಸ್‌ನದ್ದೇ 000, 00, 0 ಸೈಜ್ ಬಿಡಿಬಿಡಿಯಾಗಿ ತರಿಸಿ. ಜಪಾನಿನ ವೆಸೆಲ್ ಕಂಪನಿಯದ್ದು ಚೆನ್ನಾಗಿದೆ. ದುಡ್ಡು ಜಾಸ್ತಿ ಅನ್ನಿಸಬಹುದು, ಆದರೂ ಬೇರೆಲ್ಲದರಲ್ಲಿ ಉಳಿಸಿ, ಇದರಲ್ಲಿ ಬೇಡ. ಮೊನೆ ಇಟ್ಟು ಮೆಲ್ಲ ಅಲ್ಲಾಡಿಸಿ ನೋಡಿ. ಆಡಿದರೆ ಸೈಜ್ ಸರಿಯಿಲ್ಲ.

ಸವೆದ ಸ್ಕ್ರೂವಿಗೂ ದಾರಿ ಇದೆ. ಬೈಕ್ ವರ್ಕ್‌ಶಾಪ್‌ನಲ್ಲಿ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಇರುತ್ತದೆ, ಸಾಸಿವೆಯಷ್ಟು ಕೇಳಿ ತನ್ನಿ. ಹೊಸ ಡ್ರೈವರಿನ ಮೊನೆಗೆ ತೆಳ್ಳಗೆ ಹಚ್ಚಿ, ಚೆನ್ನಾಗಿ ಒತ್ತಿ ಹಿಡಿದು ನಿಧಾನ ತಿರುಗಿಸಿ. ಅದರೊಳಗಿನ ಒರಟು ಪುಡಿ ಹಿಡಿತ ಕೊಡುತ್ತದೆ. ಸ್ಕ್ರೂ ಬಂದ ಮೇಲೆ, ಮುಚ್ಚಳ ಎತ್ತುವ ಮೊದಲೇ, ಪೇಸ್ಟ್ ಪೂರ್ತಿ ಒರೆಸಬೇಕು. ಒಂದು ಕಣ ಗಿಯರಿಗೆ ಬಿದ್ದರೂ ಅರೆಯುತ್ತಲೇ ಇರುತ್ತದೆ.

ಲೆನ್ಸ್ ಬಿಚ್ಚುವುದಿದ್ದರೆ ಮುಂದಿನ ಹೆಸರಿನ ರಿಂಗ್‌ಗೆ ರಬ್ಬರ್ ಸಾಕು. ಸಿಂಕಿನ ರಬ್ಬರ್ ಬಿರಡೆ ಸರಿಯಾದ ಅಗಲದ್ದು ಸಿಕ್ಕಿದರೆ ಅದನ್ನೇ ಒತ್ತಿ ತಿರುಗಿಸಬಹುದು. ಒಳಗಿನ ಕಚ್ಚುಳ್ಳ ರಿಂಗ್‌ಗಳಿಗೆ ಮಾತ್ರ ಲೆನ್ಸ್ ಸ್ಪ್ಯಾನರ್ (ಎರಡು ಕಚ್ಚಿಗೂ ಒಟ್ಟಿಗೆ ಕೂರುವ ಜೋಡಿ ಮೊನೆಯ ಟೂಲ್) ಬೇಕೇ ಬೇಕು. ಕತ್ತರಿ, ಕಂಪಾಸಿನ ಮೊನೆ ಹಾಕಬೇಡಿ. ಒಂದು ಸಲ ಜಾರಿದರೆ ಗಾಜಿನ ಮೇಲೆ ಗೀರು, ಅದು ಹೋಗುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಲೆನ್ಸ್‌ಗೆ ಫಂಗಸ್ ಹಿಡಿಯುವುದು ಮಾಮೂಲು ಅಲ್ವಾ, ಹಾಗಾಗಿ ಸ್ಪ್ಯಾನರ್ ಇವತ್ತಲ್ಲ ನಾಳೆ ಬೇಕಾಗುತ್ತದೆ.

ಚಿಮುಟ, ಸಣ್ಣ ಚಪ್ಪಟೆ ಡ್ರೈವರ್‌ಗಳನ್ನು ಎಲ್ಲಿ ತರಿಸುತ್ತಾರೆ ಅಂತ ಕಾಸರಗೋಡಿನ ವಾಚ್ ರಿಪೇರಿಯವರ ಹತ್ತಿರ ಕೇಳಿ. ಅಂಚಿರುವ ತಟ್ಟೆಯಲ್ಲಿ ಬಿಳಿ ಬೈರಾಸು ಹಾಸಿ ಅದರ ಮೇಲೆಯೇ ಕೆಲಸ ಮಾಡಿ, ಬಿದ್ದ ಸ್ಕ್ರೂ ಪುಟಿಯುವುದಿಲ್ಲ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ಹಿಂಬಾಗಿಲಿನ ಸಂದಿನಲ್ಲಿ ಬೆಳಕು ತಡೆಯಲು ಇಟ್ಟ ಫೋಮ್ ಹಳತಾಗಿ ಟಾರಿನ ಹಾಗೆ ಅಂಟಾಗಿರುತ್ತದೆ. ಬಿದಿರಿನ ಕಡ್ಡಿಯ ತುದಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿ ಕೆರೆದು ತೆಗೆಯಿರಿ. ಕ್ಯಾಮೆರಾ ಬಾಗಿಸಿ ಹಿಡಿದರೆ ಚೂರುಗಳು ಹೊರಗೆ ಬೀಳುತ್ತವೆ. ಕೆ1000ರ ಶಟರ್ ಪರದೆ ರಬ್ಬರ್ ಹಚ್ಚಿದ ಬಟ್ಟೆ, ಅದಕ್ಕೆ ಆಲ್ಕೊಹಾಲ್ ತಾಗಬಾರದು.

ಡಬ್ಲ್ಯೂಡಿ-40, ತೆಂಗಿನೆಣ್ಣೆ ಎರಡೂ ಬೇಡವೇ ಬೇಡ. ಎಣ್ಣೆ ಹರಿದು ಅಪರ್ಚರ್ ಬ್ಲೇಡಿಗೆ, ಅಂದರೆ ಲೆನ್ಸಿನೊಳಗೆ ಬೆಳಕಿನ ಕಿಂಡಿ ಹಿರಿದು ಕಿರಿದು ಮಾಡುವ ತಗಡುಗಳಿಗೆ, ಹೋದರೆ ಬ್ಲೇಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಮೇಲಿನ ಮುಚ್ಚಳಕ್ಕೆ ಈಗ ಕೈ ಹಾಕಬೇಡಿ. ಸವೆದ ಸ್ಕ್ರೂವಿನ ಫೋಟೋ ನೇರ ಮೇಲಿನಿಂದ, ಒಳ್ಳೆ ಬೆಳಕಿನಲ್ಲಿ ತೆಗೆದು ಇಲ್ಲೇ ಹಾಕಿ. ಎಷ್ಟು ಸವೆದಿದೆ ನೋಡಿ ಮುಂದಿನದ್ದು ಹೇಳುತ್ತೇನೆ.