ಬಾಲ ನ್ಯಾಯ ಮಂಡಳಿಯ ಕಡತದಲ್ಲಿ ಮಗುವಿಗೆ ಎಂಥ ಸಂಖ್ಯೆ ಕೊಡಬೇಕು?

ಪ್ರಶ್ನೆ: ಜಿಲ್ಲಾ ಕೇಂದ್ರವೊಂದರಲ್ಲಿ, ಅಪರಾಧದ ಆರೋಪ ಹೊತ್ತ ಮಕ್ಕಳ ಪ್ರಕರಣಗಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದೇನೆ. ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಒಬ್ಬನೇ ಹುಡುಗ ಎರಡು ಮೂರು ಹೆಸರುಗಳಲ್ಲಿ ಸಿಗುತ್ತಾನೆ. ಪ್ರತಿ ಮಗುವಿಗೂ ಒಂದು ಕಾಯಂ ಸಂಖ್ಯೆ ಕೊಡಬಹುದೇ? ಆಧಾರ್ ಸಂಖ್ಯೆಯನ್ನೇ ಬಳಸಿದರೆ ಆಗದೇ? ಹೆಸರಿನ ಜಾಗದಲ್ಲಿ ಸಂಖ್ಯೆ ಇದ್ದರೆ ಗೋಪ್ಯತೆ ಕಾಪಾಡಿದಂತೆ ಆಗುವುದಿಲ್ಲವೇ?

ಉತ್ತರ: ನಿಮ್ಮ ತೊಂದರೆ ನಿಜವಾದದ್ದು. ಒಂದು ಠಾಣೆಯವರು ‘ಮಂಜುನಾಥ’ ಎಂದು, ಇನ್ನೊಂದು ಠಾಣೆಯವರು ‘ಮಂಜ’ ಎಂದು, ಮೂರನೆಯವರು ಅಪ್ಪನ ಹೆಸರನ್ನು ಮುಂದೆ ಸೇರಿಸಿ ಬರೆದಿದ್ದರೆ, ಒಬ್ಬ ಹುಡುಗನಿಗೆ ಮೂರು ಕಡತಗಳಾಗುತ್ತವೆ, ಕೆಲವೊಮ್ಮೆ ಮೂರು ವಯಸ್ಸುಗಳೂ ಆಗುತ್ತವೆ. ಬಾಲ ನ್ಯಾಯ ಕಾಯ್ದೆ, 2015ರ 94ನೇ ಕಲಮಿನಂತೆ ಮಂಡಳಿ ಒಮ್ಮೆ ದಾಖಲಿಸಿದ ವಯಸ್ಸನ್ನೇ ಆ ಕಾಯ್ದೆಯ ಮಟ್ಟಿಗೆ ನಿಜವಾದ ವಯಸ್ಸೆಂದು ಪರಿಗಣಿಸಬೇಕಾಗಿರುವುದರಿಂದ, ಈ ಕಡತಗಳೆಲ್ಲ ಒಂದೇ ಮಗುವಿನವೆಂದು ಗೊತ್ತಾಗುವುದು ಆ ಮಗುವಿನ ಹಿತಕ್ಕೇ ಬೇಕು. ಆದ್ದರಿಂದ ಸಂಖ್ಯೆ ಕೊಡಬಹುದು. ಅದು ಕಾಯಂ ಆಗಿರಬಾರದು, ಅಷ್ಟೇ.

ನ್ಯಾಯಾಲಯಗಳ ಪ್ರಕರಣಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಇ-ಕೋರ್ಟ್ಸ್ ವ್ಯವಸ್ಥೆಯು ಪ್ರತಿ ಪ್ರಕರಣಕ್ಕೆ ಕೊಡುವ 16 ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆ ಪ್ರಕರಣದ ಗುರುತೇ ಹೊರತು ವ್ಯಕ್ತಿಯ ಗುರುತಲ್ಲ. ಅದನ್ನು ಮಗುವಿನ ಸಂಖ್ಯೆಯೆಂದು ಬಳಸಿದರೆ ಎರಡನೆಯ ಪ್ರಕರಣ ಬಂದ ದಿನವೇ ಲೆಕ್ಕ ತಪ್ಪುತ್ತದೆ. ಆಧಾರ್ ಅಂತೂ ಖಂಡಿತ ಬೇಡ. ಶಾಲೆ, ಬ್ಯಾಂಕು, ಪಡಿತರ ಚೀಟಿ ಎಲ್ಲಕ್ಕೂ ಅಂಟಿಕೊಂಡು ಜೀವನವಿಡೀ ಜೊತೆಗಿರುವ ಸಂಖ್ಯೆಗೆ ಹದಿನಾಲ್ಕನೆಯ ವಯಸ್ಸಿನ ಒಂದು ತಪ್ಪನ್ನು ಕಟ್ಟಿಹಾಕಿದರೆ, ಅದನ್ನು ಮುಂದೆ ಯಾರೂ ಬಿಚ್ಚಲಾರರು.

ಗೋಪ್ಯತೆಯ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. 74ನೇ ಕಲಮು ಮಗುವಿನ ಹೆಸರು, ವಿಳಾಸ, ಶಾಲೆಗಳ ಜೊತೆಗೆ ಗುರುತು ಹಿಡಿಯಲು ದಾರಿಯಾಗುವ ಬೇರೆ ಯಾವುದೇ ವಿವರವನ್ನೂ ಪ್ರಕಟಿಸಬಾರದೆನ್ನುತ್ತದೆ. ಮೀರಿದವರಿಗೆ 6 ತಿಂಗಳವರೆಗಿನ ಸೆರೆವಾಸ, 2 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಬಹುದು. ತಾಲ್ಲೂಕಿನ ಸಂಕ್ಷಿಪ್ತ ಹೆಸರು, ಠಾಣೆಯ ಮೊದಲಕ್ಷರ, ಹುಟ್ಟಿದ ವರ್ಷ, ಹೆಸರಿನ ಮೊದಲಕ್ಷರ, ಕೊನೆಗೊಂದು ಕ್ರಮಾಂಕ ಸೇರಿಸಿ ಕಡತದ ರಟ್ಟಿನ ಮೇಲೆ ಸಂಖ್ಯೆ ಬರೆದಿಟ್ಟಿರುವುದನ್ನು ನಾನು ಕಂಡಿದ್ದೇನೆ. ಒಂದೇ ಠಾಣೆಯಿರುವ ಊರಿನಲ್ಲಿ ಅದನ್ನು ಓದಿದ ಯಾರಿಗಾದರೂ ಹುಡುಗ ಯಾರ ಮನೆಯವನೆಂದು ತಿಳಿದುಬಿಡುತ್ತದೆ. ಹಾಗಾಗಿ ಸಂಖ್ಯೆಯಲ್ಲಿ ಯಾವ ಅರ್ಥವೂ ಅಡಗಿರಬಾರದು; ಕಂಪ್ಯೂಟರ್ ಯಾದೃಚ್ಛಿಕವಾಗಿ ಆರಿಸಿದ ಅಂಕಿಗಳೇ ಆಗಿರಬೇಕು. ಹೆಸರನ್ನು ಸಂಖ್ಯೆಗೆ ಹೊಂದಿಸುವ ಪಟ್ಟಿ ಬೇರೆಡೆ ಬೀಗದಲ್ಲಿರಲಿ, ಅದನ್ನು ಯಾರು ಯಾವಾಗ ತೆರೆದರೆಂಬುದು ದಾಖಲಾಗಲಿ. ಆ ಸಂಖ್ಯೆ ಶಾಲೆಗೆ ಬರೆಯುವ ಪತ್ರದಲ್ಲಾಗಲಿ, ಗೋಡೆಗೆ ಅಂಟಿಸುವ ದಿನದ ಪ್ರಕರಣ ಪಟ್ಟಿಯಲ್ಲಾಗಲಿ ಕಾಣಿಸಬಾರದು.

ವಯಸ್ಕರ ಜೊತೆ ಸಿಕ್ಕಿಬಿದ್ದ ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. 23ನೇ ಕಲಮಿನಂತೆ ಜಂಟಿ ವಿಚಾರಣೆಯಿಲ್ಲದಿದ್ದರೂ, ವಯಸ್ಕರ ದೋಷಾರೋಪಣ ಪಟ್ಟಿಯಲ್ಲಿ ಮೂರನೆಯ ಆರೋಪಿಯೆಂದು ಮಗುವಿನ ಹೆಸರು ಉಳಿದುಹೋಗಿ, ಅಲ್ಲಿಂದ ಆದೇಶಕ್ಕೆ, ಆದೇಶದಿಂದ ಅಂತರ್ಜಾಲಕ್ಕೆ ಹೋಗಬಹುದು. ಮೇಲಿನ ನ್ಯಾಯಾಲಯಗಳಲ್ಲೂ ಈ ಲೋಪವಾಗಿದೆ: 2020ರ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ, ಹೈಕೋರ್ಟಿನ ತೀರ್ಪಿನಲ್ಲಿ ಕಾಣಿಸಿಕೊಂಡಿದ್ದ ಮಗುವಿನ ಹೆಸರನ್ನು ತೆಗೆಯಬೇಕೆಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಇನ್ನು ಕಾಯಂ ಏಕೆ ಆಗಬಾರದೆಂಬುದು. 24ನೇ ಕಲಮು ಮತ್ತು ಅದೇ ಕಾಯ್ದೆಯಡಿಯ 2016ರ ಮಾದರಿ ನಿಯಮಗಳ 14ನೇ ನಿಯಮದಂತೆ, ದೋಷನಿರ್ಣಯದ ದಾಖಲೆಯನ್ನು ಮೇಲ್ಮನವಿಯ ಅವಧಿ ಮುಗಿಯುವವರೆಗೆ ಅಥವಾ 7 ವರ್ಷ ಮಾತ್ರ ಇಟ್ಟು, ನಂತರ ನಾಶಪಡಿಸಬೇಕು. 16 ತುಂಬಿದ ಮೇಲೆ ಘೋರ ಅಪರಾಧದಲ್ಲಿ ಮಕ್ಕಳ ನ್ಯಾಯಾಲಯವು ವಯಸ್ಕರಂತೆ ವಿಚಾರಿಸಿ ತಪ್ಪಿತಸ್ಥರೆಂದು ಕಂಡವರ ದಾಖಲೆ ಇದಕ್ಕೆ ಹೊರತು. ಕಾಗದ ಸುಟ್ಟು ಸಂಖ್ಯೆಯನ್ನು ಉಳಿಸಿಕೊಂಡರೆ ನಾಶಪಡಿಸಿದಂತಾಗುವುದಿಲ್ಲ. ಹೊಂದಾಣಿಕೆ ಪಟ್ಟಿಯ ಸಾಲು, ಬ್ಯಾಕಪ್ ಪ್ರತಿ, ಪರಿವೀಕ್ಷಣಾಧಿಕಾರಿಗಳ (ಪ್ರೊಬೇಷನ್ ಅಧಿಕಾರಿಗಳ) ಕಂಪ್ಯೂಟರಿನಲ್ಲಿರುವ, ಮಗುವಿನ ಮನೆ-ಪರಿಸರದ ಬಗ್ಗೆ ಬರೆದ ಸಾಮಾಜಿಕ ತನಿಖಾ ವರದಿ ಎಲ್ಲವೂ ಹೋಗಬೇಕು. ಪ್ರಕರಣ ಮುಕ್ತಾಯವಾದಂದೇ ಅಳಿಸಬೇಕಾದ ದಿನಾಂಕವನ್ನೂ ನಮೂದಿಸುವ ಕಾಲಂ ಒಂದನ್ನು ನಿಮ್ಮ ತಂತ್ರಾಂಶದಲ್ಲಿ ಈಗಲೇ ಸೇರಿಸಿಬಿಡಿ.

ಮುಂದಿನ ರಿಜಿಸ್ಟರನ್ನು ಏರಿಸುವ ಮೊದಲು ಅವಧಿ ಮೀರಿದ ಪ್ರಕರಣಗಳನ್ನು ಬೇರೆ ತೆಗೆದು, ಮಂಡಳಿಯ ಪ್ರಧಾನ ದಂಡಾಧಿಕಾರಿಯವರ ಮುಂದಿಟ್ಟು ಆದೇಶ ಪಡೆಯಿರಿ. ಎಂದೋ ನಾಶವಾಗಬೇಕಿದ್ದ ಹೆಸರಿಗೆ ಹೊಸ ಸಂಖ್ಯೆ ಕೊಡಬೇಡಿ.