ಅಡಿಕೆ ಕೊಯ್ಲಿನ ಸಮಯದಲ್ಲಿ ಮಲೆನಾಡಿನ ಮನೆಗೆ ನೆಂಟರಾಗಿ ಹೋಗಬಹುದಾ?

ನೀವು ಕೇಳಿರೋದು ಇಷ್ಟು: ತೀರ್ಥಹಳ್ಳಿ ಕಡೆ ಮದುವೆಯಾಗಿ ಹೋಗಿರೋ ಗೆಳತಿ ನವೆಂಬರಿನಲ್ಲಿ ಮಕ್ಕಳನ್ನು ಕರ್ಕೊಂಡು ನಾಲ್ಕು ದಿನ ಬಾ ಅಂದಿದ್ದಾಳೆ. ಅದು ಅಡಿಕೆ ಕೊಯ್ಲಿನ ಸಮಯ ಅಂತ ಆಮೇಲೆ ಗೊತ್ತಾಯ್ತು. ಹೋದರೆ ತೊಂದರೆ ಕೊಟ್ಟಂತಾಗುತ್ತಾ, ಆ ದಿನಗಳಲ್ಲಿ ಅಂಥ ಮನೆ ಹೇಗಿರುತ್ತೆ?

ಹೋಗಿ, ಧಾರಾಳವಾಗಿ ಹೋಗಿ. ಆದರೆ ನೆಂಟರ ಥರ ಹೋಗಬೇಡಿ. "ಕೂತ್ಕೊಳ್ಳಿ, ಕಾಫಿ ತರ್ತೀನಿ" ಅನ್ನೋಕೆ ಅಲ್ಲಿ ಯಾರಿಗೂ ಬಿಡುವಿರಲ್ಲ. ನೀವೇ ಒಳಗೆ ಹೋಗಿ ಕಾಫಿ ಮಾಡಿ, ಅಂಗಳದಲ್ಲಿರೋ ಹತ್ತು ಜನಕ್ಕೂ ಕೊಟ್ಟರೆ, ವಾಪಸ್ ಕಳಿಸೋಕೆ ಅವರಿಗೇ ಮನಸ್ಸು ಬರಲ್ಲ.

ನಾನು ಇಂಥ ಮನೆಗೆ ಸೊಸೆಯಾಗಿ ಬಂದು 21 ವರ್ಷ ಆಯ್ತು. ಹುಟ್ಟಿದ್ದು ಹಾವೇರಿ ಜಿಲ್ಲೆಯಲ್ಲಿ. ತವರಿನಲ್ಲೂ ಸುಗ್ಗಿ ಇತ್ತು, ಮೆಕ್ಕೆಜೋಳದ್ದು. ತೆನೆ ಮುರಿದು, ಮಷಿನ್ನಿಗೆ ಹಾಕಿ, ಚೀಲ ಹೊಲಿದು ಟ್ರ್ಯಾಕ್ಟರ್ ಹತ್ತಿಸಿದರೆ ಮುಗೀತು. ಹೊಲದ ಸುಗ್ಗಿ ಹೊಲದಲ್ಲೇ ಇರ್ತಿತ್ತು, ಮನೆಯೊಳಗೆ ಬರ್ತಿದ್ದದ್ದು ಧೂಳು, ಅದೃಷ್ಟ ಇದ್ದರೆ ದುಡ್ಡು. ಇಲ್ಲಿ ಬೆಳೆಯೇ ಮನೆಯೊಳಗೆ ಬಂದು ಕೂರುತ್ತೆ. ಜಗಲಿಯಲ್ಲಿ ಕೊನೆಗಳ, ಅಂದರೆ ಅಡಿಕೆ ಗೊಂಚಲುಗಳ ರಾಶಿ, ಕೊಟ್ಟಿಗೆ ಪಕ್ಕ ಹಂಡೆ, ಅಂಗಳದ ತುಂಬ ಅಡಿಕೆ ಒಣಗಿಸೋ ತಟ್ಟಿ, ಮಲಗೋ ಕೋಣೆಯ ಮೂಲೆಯಲ್ಲಿ ಹಿಂದಿನ ಸಲದ ಎರಡು ಮೂಟೆ. ಅಡಿಕೆ ಬಿಟ್ಟು ಉಳಿದ ಜಾಗದಲ್ಲಿ ನಾವಿರ್ತೀವಿ.

ಯಾಕೆ ಹೀಗೆ ಅಂದರೆ, ಕರಾವಳಿಯವರು ಹಣ್ಣಡಿಕೆ ಕೊಯ್ದು ಸಿಪ್ಪೆ ಸಮೇತ 40-45 ದಿನ ಬಿಸಿಲಿಗೆ ಹರಡಿ ಚಾಲಿ ಮಾಡ್ತಾರೆ. ಸುಲಿಯೋದು ಆಮೇಲೆ, ಪುರುಸೊತ್ತಿನಲ್ಲಿ. ನಾವು ಕಾಯಿ ಹಸಿರಿರುವಾಗಲೇ ಇಳಿಸಿ, ಸುಲಿದು, ಬೇಯಿಸಿ ಕೆಂಪಡಿಕೆ ಮಾಡೋರು. ಹಸಿ ಕಾಯಿ ನಮಗೋಸ್ಕರ ಕಾಯಲ್ಲ. ಇವತ್ತು ಇಳಿಸಿದ್ದನ್ನು ಇವತ್ತು ರಾತ್ರಿ ಸುಲಿಯಬೇಕು, ನಾಳೆ ಬೆಳಗಿನ ಜಾವ ಬೇಯಿಸಬೇಕು, ಬೆಂದದ್ದು ನಾಳೆಯೇ ಬಿಸಿಲು ಕಾಣಬೇಕು. ಅಕ್ಟೋಬರಿನಿಂದ ಜನವರಿ ತನಕ ಮೂರ್ನಾಲ್ಕು ಕೊಯ್ಲು ಇರುತ್ತೆ, ಒಂದೊಂದು ಕೊಯ್ಲೂ ಹೀಗೇ. ಊಟ, ನಿದ್ದೆ, ಹಬ್ಬ, ಮಕ್ಕಳ ಪರೀಕ್ಷೆ ಎಲ್ಲ ಈ ಸಂದಿನಲ್ಲೇ ನುಸುಳಿಕೊಳ್ಳಬೇಕು.

ಬೆಳಿಗ್ಗೆಯ ಕೆಲಸ ಗಂಡಸರದ್ದು, ಕೊನೆಗಾರನದ್ದು. ನಿಮ್ಮ ಮಕ್ಕಳಿಗೆ ತುಂಬ ಇಷ್ಟ ಆಗೋದು ಇದೇ. ಒಳ್ಳೆ ಕೊನೆಗಾರ ಒಂದು ಮರ ಹತ್ತಿದರೆ ಇಳಿಯಲ್ಲ, ಮರವನ್ನೇ ತೂಗಿ ಪಕ್ಕದ ಮರ ಹಿಡಿದು ದಾಟಿಕೊಂಡು ಹೋಗ್ತಾನೆ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಕೆಳಗಿರೋನ ಕೈಗೆ ಬರುತ್ತೆ. ಮರ ಹತ್ತೋರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗ್ತಿದ್ದಾರೆ, ಹಾಗಾಗಿ ಈಗ ಕಾರ್ಬನ್ ಫೈಬರಿನ ಉದ್ದನೆ ದೋಟಿಯಲ್ಲಿ ನೆಲದ ಮೇಲೆ ನಿಂತೇ ಕೊಯ್ಯೋದೂ ಬಂದಿದೆ. ಮರದ ಕೆಳಗೆ ಮಕ್ಕಳನ್ನು ಬಿಡಬೇಡಿ, ಅಷ್ಟೇ.

ಮನೆಯ ನಿಜವಾದ ಕೊಯ್ಲು ಶುರುವಾಗೋದು ಸಂಜೆ ಆರೂವರೆಗೆ. ಕೇರಿಯ ಹೆಂಗಸರು ಅವರವರ ಮನೆಕೆಲಸ ಮುಗಿಸಿ, ಟಾರ್ಚ್ ಹಿಡಿದು ತೋಟದ ದಾರಿಯಲ್ಲಿ ಒಬ್ಬೊಬ್ಬರಾಗಿ ಬರ್ತಾರೆ. ಪ್ರತಿಯೊಬ್ಬರಿಗೂ ಒಂದು ಮೆಟ್ಟುಗತ್ತಿ: ಹಲಗೆಗೆ ನೆಟ್ಟ ಅಲಗು, ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೂರೋದು. ಕಾಯಿಯನ್ನು ಅಲಗಿಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಬಾಯಿ ಬಿಡುತ್ತೆ, ಇನ್ನೊಂದು ಒತ್ತಿಗೆ ಅಡಿಕೆ ಬುಟ್ಟಿಗೆ, ಸಿಪ್ಪೆ ಹಿಂದಕ್ಕೆ. ಅಲಗಿನ ಕಡೆ ಯಾರೂ ನೋಡಲ್ಲ. ಕಣ್ಣು ಎದುರಿಗಿರೋರ ಮುಖದ ಮೇಲೆ, ಬಾಯಿ ಊರಿನ ಮೇಲೆ. ಸುಲಿದ ಅಡಿಕೆಯನ್ನು ಡಬ್ಬದಲ್ಲಿ ಅಳೆದು ಡಬ್ಬಕ್ಕೆ ಇಷ್ಟು ಅಂತ ಕೂಲಿ. ಅಳೆಯೋ ಹೊತ್ತಿಗೆ ಡಬ್ಬ ಕುಲುಕಿ ತುಂಬಬೇಕಾ, ಹಾಗೇ ತುಂಬಬೇಕಾ ಅನ್ನೋ ಜಗಳ ನಾನು ಮದುವೆಯಾಗಿ ಬಂದಾಗಲೂ ಇತ್ತು, ಹೋದ ವರ್ಷವೂ ಇತ್ತು.

ಮೊದಲ ವರ್ಷ ನಾನು ಒಂದು ಡಬ್ಬ ಸುಲಿಯೋ ಹೊತ್ತಿಗೆ ಪಕ್ಕದ ಅಕ್ಕ ನಾಲ್ಕು ಮುಗಿಸಿದ್ದರು. ಹೆಬ್ಬೆರಳಿಗೆ ಮೂರು ಕಡೆ ಬಟ್ಟೆ ಸುತ್ತಿತ್ತು. ಅತ್ತೆ ನೋಡಿ, "ಬಿಡು ಮಾರಾಯ್ತಿ, ರಕ್ತ ಬಿದ್ರೆ ಅಡಕೆ ಕೆಂಪಾಗದಿಲ್ಲ, ಚೊಗರು ಹಾಕ್ಬೇಕು" ಅಂದರು. (ಚೊಗರು ಅಂದರೆ ಅಡಿಕೆಗೆ ಬಣ್ಣ ಕೊಡೋ ಕೆಂಪು ನೀರು, ಅದರ ವಿಷಯ ಮುಂದೆ ಬರುತ್ತೆ.) ಎಲ್ಲರೂ ನಕ್ಕರು. ನನಗೆ ಅಳು ಬಂದಿತ್ತು. ಆದರೆ ಆ ರಾತ್ರಿಯ ಸುಲಿತದಲ್ಲಿ ನನಗೆ ಗೊತ್ತಾದಷ್ಟು ವಿಷಯ ಆರು ತಿಂಗಳಲ್ಲಿ ಗೊತ್ತಾಗಿರಲಿಲ್ಲ. ನನ್ನ ಗಂಡ ಪಿಯುಸಿಯಲ್ಲಿ ಫೇಲಾಗಿದ್ದು, ಮಾವನವರು ತಮ್ಮನ ಜೊತೆ ಮಾತು ಬಿಟ್ಟಿದ್ದು, ನಮ್ಮ ಬಾವಿಯ ಜಾಗ ತೋರಿಸಿದ್ದು ಯಾರು ಅನ್ನೋದು, ಎಲ್ಲ ಸಿಪ್ಪೆಯ ಜೊತೆ ಬಿಚ್ಚಿಕೊಂಡವು. ಆಗ ಜಗಲಿಯಲ್ಲಿ ಭದ್ರಾವತಿ ಆಕಾಶವಾಣಿ ಹಾಡ್ತಿತ್ತು. ಈಗ ಒಬ್ಬೊಬ್ಬರ ಮಡಿಲಲ್ಲೂ ಮೊಬೈಲ್, ಒಂದೊಂದರಲ್ಲಿ ಒಂದೊಂದು ಧಾರಾವಾಹಿ. ಗಲಾಟೆ ಜಾಸ್ತಿ, ಮಾತು ಕಡಿಮೆ. ಇದು ನನ್ನ ಅಭಿಪ್ರಾಯ, ನನ್ನ ಮಗಳು ಒಪ್ಪಲ್ಲ.

ಕೈಯ ವಿಷಯ ಹೇಳಿಬಿಡ್ತೀನಿ. ಹಸಿ ಸಿಪ್ಪೆಯ ರಸ ತಾಗಿದರೆ ಬೆರಳು ಕಪ್ಪಾಗುತ್ತೆ, ಉಗುರಿನ ಸಂದಿಯಂತೂ ವಾರಗಟ್ಟಲೆ ಹಾಗೇ ಇರುತ್ತೆ. ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಂಡರೆ ಸ್ವಲ್ಪ ವಾಸಿ, ಆಮೇಲೆ ಹುಣಸೆಹಣ್ಣು, ನಿಂಬೆ ಹಚ್ಚಿ ತಿಕ್ಕಬೇಕು. ಈ ಕಡೆ ಆ ತಿಂಗಳುಗಳ ಮದುವೆ ಮನೆಯಲ್ಲಿ ಹೆಂಗಸರ ಬೆರಳು ನೋಡಿದರೆ ಸಾಕು, ಯಾರ ಮನೆಯಲ್ಲಿ ಕೊಯ್ಲು ನಡೀತಿದೆ ಅಂತ ಹೇಳಬಹುದು. ರೇಷ್ಮೆ ಸೀರೆ, ಬಂಗಾರದ ಬಳೆ, ಅದರ ತುದಿಗೆ ಇದ್ದಿಲು ಹಿಡಿದಂಥ ಬೆರಳು. ಬೆಂಗಳೂರಿನ ನಾದಿನಿ ಒಮ್ಮೆ ನನ್ನ ಕೈ ನೋಡಿ ಯಾವ ಬ್ರಾಂಡ್ ಮೆಹಂದಿ ಅಂದಿದ್ದಳು. ತಮಾಷೆಗೋ ನಿಜಕ್ಕೋ ಇವತ್ತಿಗೂ ಗೊತ್ತಿಲ್ಲ.

ಸುಲಿತ ಹನ್ನೊಂದಕ್ಕೆ ನಿಲ್ಲುತ್ತೆ. ನಾಲ್ಕೂವರೆಗೆ ಮಾವನವರು ಒಲೆ ಹಚ್ಚಿರ್ತಾರೆ. ತಾಮ್ರದ ಹಂಡೆ, ಅದರಲ್ಲಿ ಚೊಗರು. ಚೊಗರು ಅಂದರೆ ಅಡಿಕೆ ಬೇಯಿಸಿ ಬೇಯಿಸಿ ಗಟ್ಟಿಯಾದ ಕೆಂಪು ನೀರು, ಅಡಿಕೆಗೆ ಬಣ್ಣ ಕೊಡೋದು ಅದೇ. ಮೊದಲ ಕೊಯ್ಲಿಗೆ ಬೇಕು ಅಂತ ಹಿಂದಿನ ವರ್ಷದ್ದನ್ನು ಕೆಲವರು ಎತ್ತಿಟ್ಟಿರ್ತಾರೆ, ಮೊಸರಿಗೆ ಹೆಪ್ಪು ಇಟ್ಟುಕೊಂಡ ಹಾಗೆ. ಬೆಂದಿದೆಯಾ ಅಂತ ನೋಡೋಕೆ ಮಾವನವರು ಒಂದೆರಡು ಅಡಿಕೆ ತೆಗೆದು ಕತ್ತಿಯಲ್ಲಿ ಸೀಳಿ, ಲೈಟಿಗೆ ಹಿಡಿದು ನೋಡಿ, ಬೆರಳಲ್ಲಿ ಒತ್ತಿ, "ಇನ್ನೊಂದು ಹತ್ತು ನಿಮಿಷ" ಅಂತಾರೆ. ಹತ್ತು ನಿಮಿಷ ಅನ್ನೋಕೆ ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ. ನಿಮ್ಮ ಮಕ್ಕಳು ಬೇಗ ಏಳೋರಾದರೆ ಆ ಹೊತ್ತಿಗೆ ಅಲ್ಲಿಗೆ ಕಳಿಸಿ. ಹೊರಗೆ ಮಂಜು, ಮೈಯೆಲ್ಲ ಚಳಿ, ಹಂಡೆಯ ಎದುರು ಮಾತ್ರ ಬೆಚ್ಚಗೆ. ನಮ್ಮನೆ ಬೆಕ್ಕು ಮೂರು ತಿಂಗಳು ಅಲ್ಲೇ ವಾಸ.

ಹಬ್ಬಗಳೂ ಇದೇ ಸಮಯಕ್ಕೆ ಬರ್ತವೆ. ಆಶ್ವೀಜದ ಭೂಮಿ ಹುಣ್ಣಿಮೆಗೆ ಹಿಂದಿನ ರಾತ್ರಿಯೆಲ್ಲ ಅಡಿಗೆ ಮಾಡಿ, ಬೆಳಕು ಹರಿಯೋ ಮುಂಚೆ ಗದ್ದೆಗೂ ತೋಟಕ್ಕೂ ಎಡೆ ಬೀರಬೇಕು. ತೆನೆ ತುಂಬುವ ಪೈರನ್ನು ಬಸುರಿ ಅಂತ ಲೆಕ್ಕ ಹಾಕಿ ಬಯಕೆಯ ಊಟ ಬಡಿಸೋ ಹಬ್ಬ ಇದು. ಆಮೇಲೆ ದೊಡ್ಡಹಬ್ಬ, ಅಂದರೆ ದೀಪಾವಳಿ. ಗೋಪೂಜೆಯ ದಿನ ದನಗಳ ಕೊರಳಿಗೆ ಅಡಿಕೆಯ ಸರ. ರಾತ್ರಿ ದೀಪ ಹಿಡಿದು ಮನೆ ಮನೆಗೆ ಹಾಡಿಕೊಂಡು ಬರೋ ಅಂಟಿಗೆ-ಪಿಂಟಿಗೆಯವರು. ಅವರು ಬಂದಾಗಲೂ ನಾವು ಸುಲೀತಾನೇ ಇದ್ದ ವರ್ಷಗಳಿವೆ. ದೀಪಕ್ಕೆ ಎಣ್ಣೆ ಹಾಕೋಕೆ ಎದ್ದು ಹೋದ ಅತ್ತೆ, ಕೈ ಒರೆಸಿಕೊಂಡಿದ್ದು ಹೊಸ ಸೀರೆಗೆ.

ಇಷ್ಟೆಲ್ಲ ಸಹಿಸಬಹುದು. ಸಹಿಸೋಕಾಗದ್ದು ಮಳೆ. ಟಿವಿಯಲ್ಲಿ "ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ" ಅಂದ ಕೂಡಲೇ ನಮ್ಮ ಮನೆಯಲ್ಲಿ ಊಟ ಸೇರಲ್ಲ. ಬೆಂದ ಅಡಿಕೆಗೆ ಒಂದು ವಾರದಷ್ಟು ಒಳ್ಳೆ ಬಿಸಿಲು ಬೇಕು, ನಡುವೆ ನೆನೆದರೆ ಬೂಷ್ಟು ಹಿಡಿಯುತ್ತೆ, ಬಣ್ಣ ಹೋಗುತ್ತೆ.

ಮದುವೆಯಾದ ಎರಡನೇ ವರ್ಷ, ನವೆಂಬರು. ಗಂಡಸರೆಲ್ಲ ತೋಟದಲ್ಲಿ. ಅಂಗಳ ನೋಡಿಕೊಳ್ಳೋ ಕೆಲಸ ನನ್ನದು. ಮೂರು ಗಂಟೆಗೆ ಬಿಸಿಲು ಚುರುಗುಟ್ತಾ ಇತ್ತು. ಅವ್ವನ ಫೋನ್ ಬಂತು, ಒಳಗೆ ಹೋಗಿ ಮಾತಾಡ್ತಾ ಕೂತೆ. ತವರಿನ ಮಾತು, ಎಷ್ಟು ಹೊತ್ತಾಯ್ತೋ. ಕತ್ತಲಾದ ಹಾಗೆ ಅನ್ನಿಸಿ ಹೊರಗೆ ಬರೋದಕ್ಕೂ ಮೊದಲ ಹನಿ ಬೀಳೋದಕ್ಕೂ ಸರಿಹೋಯ್ತು. "ಅಯ್ಯ ನಮ್ಮವ್ವಾ, ಮಳಿ ಬಂತ್ರೀ!" ಅಂತ ಕಿರುಚಿದ್ದು ಮೂರು ಮನೆಗೆ ಕೇಳಿತಂತೆ. ಅತ್ತೆ ಮಂಡಿನೋವಿನ ಕಾಲೆಳೆದುಕೊಂಡು ಓಡಿ ಬಂದರು. ಟಾರ್ಪಾಲು ಚೊಗರಿನ ಅಂಟಿಗೆ ಮಡಿಕೆ ಮಡಿಕೆಯಾಗಿ ಕಚ್ಚಿಕೊಂಡಿತ್ತು, ಬಿಡಿಸಿದಷ್ಟೂ ಬಿಡದು. ನಾವಿಬ್ಬರೇ ತಟ್ಟಿಗಳನ್ನು ಜಗಲಿಗೆ ಎಳೆದೆವು. ನಾಲ್ಕು ತಟ್ಟಿ ಪೂರ್ತಿ ನೆನೆದವು. ಅಂಗಳದ ನೀರು ಕೆಂಪಗೆ ಚರಂಡಿಗೆ ಹರಿಯೋದನ್ನು ನೋಡ್ತಾ ನಿಂತಿದ್ದೆ.

ಮಾವನವರು ಬಂದರು, ನೋಡಿದರು, ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೂರು ರಾತ್ರಿ ಒಳಗಿನ ಅಟ್ಟದ ಮೇಲೆ ಹರಡಿ ಕೆಳಗೆ ಬೆಂಕಿ ಹಾಕಿ ಒಣಗಿಸಿದೆವು, ಮನೆಯೆಲ್ಲ ಹೊಗೆ. ಅಡಿಕೆ ಮಾರೋ ಮಂಡಿಯಲ್ಲಿ ಆ ಚೀಲಕ್ಕೆ ಕೈ ಹಾಕಿದವರು ಒಂದು ಅಡಿಕೆ ತೆಗೆದು ಅಡಕತ್ತರಿಯಲ್ಲಿ ಕತ್ತರಿಸಿ, ಒಳಗೆ ನೋಡಿ, ಅದನ್ನು ಬೇರೆ ಇಟ್ಟರಂತೆ. ಅಷ್ಟಕ್ಕೇ ರೇಟ್ ಗೊತ್ತಾಯ್ತು. ನನ್ನ ಗಂಡ ಇದನ್ನು ಹೇಳಿದ್ದು ಎರಡು ವರ್ಷ ಬಿಟ್ಟು. ಈಗ ನಮ್ಮ ಅಂಗಳದ ಅರ್ಧಕ್ಕೆ ಬೆಳಕು ಬೀಳೋ ಶೀಟಿನ ಮಾಡು ಇದೆ. ಆದರೂ ಮೋಡ ಕಂಡರೆ ನಾನು ಫೋನ್ ಎತ್ತಲ್ಲ, ಅವ್ವನದ್ದಾದರೂ ಸರಿ.

ಇಷ್ಟು ಜೀವ ತೇಯೋದು ಎಷ್ಟಕ್ಕೆ ಅಂತ ನಿಮಗೆ ಅನ್ನಿಸಬಹುದು. ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಸಿಗೋದು 12ರಿಂದ 14 ಕೆಜಿ. ಆ ಹದಿಮೂರು ಕೆಜಿಯ ಮೇಲೇ ಮನೆಯ ವರ್ಷ ನಿಂತಿರೋದು. ಮಗಳ ಫೀಸು, ಹೆಂಚು ಬದಲಾಯಿಸೋದು, ಅತ್ತೆಯ ಮಂಡಿ ಆಪರೇಷನ್, ಯಾವುದು ಕೇಳಿದರೂ ಉತ್ತರ "ಅಡಕೆ ಕೊಟ್ಟ ಮೇಲೆ". ಸಿಟಿಯವರಿಗೆ ತಿಂಗಳಿಗೊಮ್ಮೆ ಸಂಬಳ, ನಮಗೆ ವರ್ಷಕ್ಕೊಮ್ಮೆ. ಹಾಗಾಗಿ ಈ ಮೂರು ತಿಂಗಳಲ್ಲಿ ಗಂಡ-ಹೆಂಡತಿ ಜಗಳವೂ ಜಾಸ್ತಿ. ನಿಮ್ಮ ಗೆಳತಿ ಮತ್ತು ಅವಳ ಗಂಡ ನಿಮ್ಮೆದುರೇ ಸಿಡುಕಿಕೊಂಡರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅದು ನಿಮ್ಮಿಂದಲ್ಲ. ಇತ್ತೀಚೆಗೆ ಎಲೆಚುಕ್ಕಿ ರೋಗ ಬಂದ ತೋಟಗಳಲ್ಲಿ ಸೋಗೆಯೇ ಒಣಗಿ ನಿಂತಿದೆ. ಅಂಥ ಮನೆಯಾಗಿದ್ದರೆ "ಈ ವರ್ಷ ಫಸಲು ಹೇಗೆ" ಅಂತ ನೀವಾಗಿ ಕೇಳಬೇಡಿ, ಅವರೇ ಹೇಳಲಿ.

ಹೋಗೋ ಮುಂಚೆ ಒಂದು ವಿಷಯ ಗೆಳತಿಯನ್ನು ಕೇಳಿ: ಕೊಯ್ಲು ಸ್ವಂತದ್ದಾ, ಚೇಣಿಗೆ ಅಂದರೆ ಗುತ್ತಿಗೆಗೆ ಕೊಟ್ಟಿದ್ದಾರಾ? ಬಯಲು ಕಡೆ ಖೇಣಿ ಅನ್ನೋದು ಇದನ್ನೇ. ಜನ ಸಿಗದೆ ಹಸಿ ಅಡಿಕೆಯನ್ನೇ ಚೇಣಿದಾರನಿಗೆ ಕೊಟ್ಟುಬಿಡೋ ಮನೆಗಳು ಹೆಚ್ಚಾಗಿವೆ. ಅವನ ಆಳುಗಳು ಬಂದು ಕೊಯ್ದು, ಗಾಡಿಗೆ ತುಂಬಿಕೊಂಡು ಹೋಗ್ತಾರೆ. ಇನ್ನು ಕೆಲವರು ಸುಲಿಯೋ ಮಷಿನ್ ತಂದಿದ್ದಾರೆ. ನಮ್ಮಲ್ಲೂ ಒಂದಿದೆ, ಅರ್ಧ ಅದು, ಅರ್ಧ ಮೆಟ್ಟುಗತ್ತಿ. ಚೇಣಿಗೆ ಕೊಟ್ಟ ಮನೆಯಾದರೆ ನಾನು ಮೇಲೆ ಹೇಳಿದ ಯಾವುದೂ ಕಾಣಲ್ಲ, ಆರಾಮಾಗಿ ಆಗುಂಬೆ, ಕುಪ್ಪಳಿ ಸುತ್ತಿಕೊಂಡು ಬನ್ನಿ. ಪಕ್ಕದೂರಿನ ನನ್ನ ಓರಗಿತ್ತಿಯ ಮನೆಯಲ್ಲಿ ನಾಲ್ಕು ವರ್ಷದಿಂದ ಚೇಣಿ. ನವೆಂಬರಿನಲ್ಲಿ ಅವಳಿಗೆ ಬೆರಳು ಬೆಳ್ಳಗೆ, ನಿದ್ದೆ ಸೊಂಪು. ಆದರೂ ವಾರಕ್ಕೆರಡು ಸಂಜೆ ನಮ್ಮನೆಗೆ ಬಂದು ಸುಲಿಯೋಕೆ ಕೂರ್ತಾಳೆ, ಕೂಲಿ ಬೇಡ ಅಂತ.

ಸ್ವಂತ ಕೊಯ್ಲಾದರೆ ಹಳೇ ಬಟ್ಟೆ ತಗೊಂಡು ಹೋಗಿ. ಬಿಳಿ ಬಟ್ಟೆ ಬೇಡವೇ ಬೇಡ, ಚೊಗರಿನ ಕಲೆ ಯಾವ ಸೋಪಿಗೂ ಬಗ್ಗಲ್ಲ. ಮಕ್ಕಳಿಗೆ ಸ್ವೆಟರ್ ಇರಲಿ. ಊಟದ ಚಿಂತೆ ಬಿಡಿ, ಕಡುಬೋ ಅಕ್ಕಿರೊಟ್ಟಿಯೋ ಹೊತ್ತಿಗೆ ಸರಿಯಾಗಿ ಇದ್ದೇ ಇರುತ್ತೆ, ಕೆಲಸದವರಿಗೆ ಆಗಲೇಬೇಕಲ್ಲ. ಮೆಟ್ಟುಗತ್ತಿ ಮುಂದೆ ಮೊದಲ ದಿನವೇ ಕೂರಬೇಡಿ, ಸಿಪ್ಪೆ ಎತ್ತಿ ಹಾಕಿ, ಬುಟ್ಟಿ ದಾಟಿಸಿ, ಅಷ್ಟು ಸಾಕು. ಕೈಯಲ್ಲಿ ಸ್ವೀಟ್ ಬಾಕ್ಸ್ ಹಿಡಿದು ಹೋಗಬೇಡಿ, ಹಬ್ಬದ್ದೇ ಇನ್ನೂ ಡಬ್ಬಿಯಲ್ಲಿರುತ್ತೆ. ಖಾರ, ಅಂದರೆ ಮಿಕ್ಸ್ಚರ್ ಥರದ ಕುರುಕಲು ತಿಂಡಿ, ತಗೊಂಡು ಹೋಗಿ, ಎರಡು ಕೆಜಿ. ರಾತ್ರಿ ಒಂಬತ್ತೂವರೆಯ ಚಹಾಕ್ಕೆ ಸುಲಿಯೋರು ಅದನ್ನು ಖಾಲಿ ಮಾಡಿಬಿಡ್ತಾರೆ.